ಮೇದೋಜೀರಕದ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯೊಳಗೆ ದ್ರವ ನಿಂತರೆ

ಮೈಸೂರಿನಲ್ಲೋ ಮಂಗಳೂರಿನಲ್ಲೋ ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಕೊಡಗಿಗೆ ಮರಳಿದವರಲ್ಲಿ ಕೆಲವರಿಗೆ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಸ್ಕ್ಯಾನ್ ಮಾಡಿಸಿದರೆ, ಜಠರದ ಹಿಂದೆ ಇಷ್ಟು ಸೆಂಟಿಮೀಟರ್ ಅಗಲದ ‘ಕಲೆಕ್ಷನ್’ ಇದೆ ಎಂದು ವರದಿ ಬರುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದರೆ, ‘ಮತ್ತೆ ಹೊಟ್ಟೆ ಕೊಯ್ಯಬೇಕಾಗಿಲ್ಲ, ಬಾಯಿಯ ಮೂಲಕವೇ ತೆಗೆಯುತ್ತೇವೆ, ಕರೆದುಕೊಂಡು ಬನ್ನಿ’ ಎನ್ನುತ್ತಾರೆ.

ಮನೆಯವರಿಗೆ ಆಗ ಎರಡು ಅನುಮಾನ ಹುಟ್ಟುತ್ತವೆ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಏನೋ ಎಡವಟ್ಟಾಗಿದೆಯೇ? ಜಠರದ ಹೊರಗೆ ನಿಂತ ದ್ರವವನ್ನು ಬಾಯಿಯಿಂದ ಹೋಗಿ ತೆಗೆಯುವುದಾದರೂ ಹೇಗೆ? ಎರಡಕ್ಕೂ ಉತ್ತರ ಇದೆ. ಆದರೆ ರೈಲು ಇಲ್ಲದ, ದೊಡ್ಡ ಚಿಕಿತ್ಸೆಗೆಲ್ಲ ಘಾಟಿ ಇಳಿದೇ ಹೋಗಬೇಕಾದ ಈ ಜಿಲ್ಲೆಯವರು ಇವೆರಡಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ದ್ರವ ಹರಿಸಲು ಒಳಗೆ ಹಾಕಿದ ನಳಿಕೆಯನ್ನು ಹೊರಗೆ ತೆಗೆಯುವುದು ಯಾವಾಗ?

ಜಠರದ ಬೆನ್ನಿಗಿರುವ ಗ್ರಂಥಿ

ಆಸ್ಪತ್ರೆಯಲ್ಲಿ ಎಲ್ಲರೂ ‘ಪ್ಯಾಂಕ್ರಿಯಾಸ್’ ಎಂದೇ ಕರೆಯುವ ಮೇದೋಜೀರಕ ಗ್ರಂಥಿ ಸುಮಾರು 15 ಸೆಂಟಿಮೀಟರ್ ಉದ್ದದ, ಮೆತ್ತನೆಯ ಅಂಗ. ಹೊಟ್ಟೆಯ ಮೇಲ್ಭಾಗದಲ್ಲಿ, ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುತ್ತದೆ. ಅದರ ತಲೆ ಬಲಗಡೆ, ಸಣ್ಣಕರುಳಿನ ಆರಂಭದ ಬಾಗಿನೊಳಗೆ. ಬಾಲ ಎಡಗಡೆ, ಗುಲ್ಮದ (ಸ್ಪ್ಲೀನ್) ಹತ್ತಿರ. ಜಠರಕ್ಕೂ ಇದಕ್ಕೂ ಇರುವ ಈ ನೆರೆಹೊರೆಯ ಸಂಬಂಧವನ್ನು ನೆನಪಿಟ್ಟುಕೊಳ್ಳಿ, ಮುಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಗ್ರಂಥಿಗೆ ಎರಡು ಕೆಲಸ. ಒಂದು, ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುವುದು. ಇನ್ನೊಂದು, ದಿನಕ್ಕೆ ಒಂದು ಲೀಟರಿಗೂ ಹೆಚ್ಚು ಜೀರ್ಣರಸವನ್ನು ತಯಾರಿಸಿ ಕರುಳಿಗೆ ಹರಿಸುವುದು. ಪಿಷ್ಟವನ್ನು ಒಡೆಯುವ ಅಮೈಲೇಸ್, ಕೊಬ್ಬನ್ನು ಕರಗಿಸುವ ಲೈಪೇಸ್, ಮಾಂಸ ಮತ್ತು ಬೇಳೆಕಾಳಿನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು ಎಲ್ಲವೂ ಈ ರಸದಲ್ಲಿವೆ. ತಟ್ಟೆಯಲ್ಲಿರುವ ಪಂದಿ ಕರಿಯನ್ನೂ ಕಡಂಬುಟ್ಟನ್ನೂ ಜೀರ್ಣಿಸುವ ಶಕ್ತಿಯುಳ್ಳ ರಸ ಕರುಳಿನ ದಾರಿ ಬಿಟ್ಟು ಹೊಟ್ಟೆಯ ಒಳಾವರಣಕ್ಕೆ ಸೋರಿದರೆ, ಅಲ್ಲಿನ ಅಂಗಾಂಶವನ್ನೂ ಸುಮ್ಮನೆ ಬಿಡುವುದಿಲ್ಲ.

ಸೋರಿಕೆ ಯಾಕೆ ಆಗುತ್ತದೆ

ಗ್ರಂಥಿಯ ತಲೆಯಲ್ಲಿ ಗಡ್ಡೆ ಇದ್ದರೆ ಸಾಮಾನ್ಯವಾಗಿ ವಿಪಲ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತಲೆಯ ಭಾಗ, ಅದನ್ನು ಸುತ್ತಿದ ಸಣ್ಣಕರುಳಿನ ತುಂಡು, ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿಯನ್ನೂ ತೆಗೆದು, ಉಳಿದ ಗ್ರಂಥಿಯನ್ನು ಕರುಳಿಗೋ ಜಠರಕ್ಕೋ ಹೊಲಿದು ಜೋಡಿಸುತ್ತಾರೆ. ತೊಂದರೆ ಬಾಲದ ಕಡೆ ಇದ್ದರೆ ಎಡಭಾಗವನ್ನು, ಅನೇಕ ಸಲ ಗುಲ್ಮದೊಂದಿಗೆ, ಕತ್ತರಿಸಿ ತೆಗೆದು ಕತ್ತರಿಸಿದ ಬಾಯಿಯನ್ನು ಸ್ಟೇಪ್ಲರ್‌ನಿಂದಲೋ ಹೊಲಿಗೆಯಿಂದಲೋ ಮುಚ್ಚುತ್ತಾರೆ.

ಹೊಲಿಗೆ ಹಾಕಿದ ಜಾಗದ ಗಾಯ ಮಾಯುವಷ್ಟು ದಿನವೂ ಗ್ರಂಥಿ ರಸ ಬಿಡುತ್ತಲೇ ಇರುತ್ತದೆ. ಗ್ರಂಥಿಗೆ ರಜೆ ಕೊಡಲು ಬರುವುದಿಲ್ಲ. ಇಲ್ಲಿ ಮೇಲುನೋಟಕ್ಕೆ ವಿಚಿತ್ರ ಎನಿಸುವ ಸಂಗತಿಯೊಂದಿದೆ. ಹಳೆಯ ಉರಿಯೂತದಿಂದ ಗಡುಸಾದ ಗ್ರಂಥಿ ಹೊಲಿಗೆಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆರೋಗ್ಯವಾಗಿ ಮೆತ್ತಗಿರುವ, ನಾಳ ಸಣ್ಣದಾಗಿರುವ ಗ್ರಂಥಿಯಲ್ಲಿಯೇ ದಾರ ಅಂಗಾಂಶವನ್ನು ಕೊಯ್ದುಕೊಂಡು ಬರುವ ಸಂಭವ ಹೆಚ್ಚು. ಹಾಗಾಗಿ ನುರಿತ ಕೈಯ ಕೆಳಗೂ ಸೋರಿಕೆ ಆಗುತ್ತದೆ. ಬಾಲದ ಭಾಗ ತೆಗೆಸಿಕೊಂಡವರಲ್ಲಿ ಸರಿಸುಮಾರು ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವ ಮಟ್ಟದ ಸೋರಿಕೆ ಕಾಣಿಸುತ್ತದೆ. ‘ಆಪರೇಷನ್ ಹಾಳು ಮಾಡಿದರು’ ಎಂದು ತೀರ್ಪು ಕೊಡುವ ಮೊದಲು ಇದು ತಿಳಿದಿರಲಿ.

ಈ ಸಾಧ್ಯತೆ ಗೊತ್ತಿರುವುದರಿಂದಲೇ ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಹೊಟ್ಟೆಯಿಂದ ಹೊರಬರುವ ಒಂದೋ ಎರಡೋ ಡ್ರೈನ್ ಕೊಳವೆಗಳನ್ನು ಇಟ್ಟಿರುತ್ತಾರೆ. ಮೂರನೆಯ ದಿನ ಅದರಲ್ಲಿ ಬಂದ ದ್ರವವನ್ನು ಅಮೈಲೇಸ್ ಪರೀಕ್ಷೆಗೆ ಕಳುಹಿಸುತ್ತಾರೆ. ರಕ್ತದಲ್ಲಿ ಇರಬಹುದಾದ ಗರಿಷ್ಠ ಮಟ್ಟದ ಮೂರು ಪಟ್ಟಿಗಿಂತ ಹೆಚ್ಚು ಅಮೈಲೇಸ್ ಅದರಲ್ಲಿ ಇದ್ದರೆ ಗ್ರಂಥಿಯ ರಸ ಸೋರುತ್ತಿದೆ ಎಂದರ್ಥ. 2016ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ, ರೋಗಿಗೆ ಯಾವ ತೊಂದರೆಯೂ ಆಗದೆ ಪರೀಕ್ಷೆಯಲ್ಲಷ್ಟೇ ಕಾಣಿಸುವ ಸೋರಿಕೆಯನ್ನು ‘ಫಿಸ್ಟುಲಾ’ (ರಸ ಸೋರುವ ಅಸಹಜ ದಾರಿ) ಎಂದು ಎಣಿಸುವುದಿಲ್ಲ. ಚಿಕಿತ್ಸೆಯ ದಾರಿಯನ್ನೇ ಬದಲಿಸುವಂಥದ್ದು ಬಿ ದರ್ಜೆ. ಅಂಗಾಂಗಗಳು ಕೈಕೊಡುವ ಅಥವಾ ಮರುಶಸ್ತ್ರಚಿಕಿತ್ಸೆ ಬೇಕಾಗುವ ಹಂತ ಸಿ ದರ್ಜೆ. ಡಿಸ್ಚಾರ್ಜ್ ಹಾಳೆಯಲ್ಲಿ ಈ ಅಕ್ಷರ ಬರೆದಿದ್ದರೆ ಅದರ ಅರ್ಥ ಇಷ್ಟೇ.

ಡ್ರೈನ್ ಕೊಳವೆ ತೆಗೆದ ಮೇಲೆ, ಅಥವಾ ಅದರ ತುದಿ ತಲುಪದ ಮೂಲೆಯಲ್ಲಿ, ರಸ ಶೇಖರವಾಗತೊಡಗಿದರೆ ಸುತ್ತಲಿನ ಅಂಗಾಂಶ ಉರಿಯೂತದಿಂದ ಒಂದಕ್ಕೊಂದು ಅಂಟಿಕೊಂಡು ಅದಕ್ಕೊಂದು ಗೋಡೆ ಕಟ್ಟುತ್ತದೆ. ಸ್ಕ್ಯಾನ್‌ನಲ್ಲಿ ಕಾಣುವ ‘ಕಲೆಕ್ಷನ್’ ಅದೇ.

ಕಂಡದ್ದನ್ನೆಲ್ಲ ತೆಗೆಯುವುದಿಲ್ಲ

ಈ ಶಸ್ತ್ರಚಿಕಿತ್ಸೆಯ ನಂತರ ಸಿಟಿ ಸ್ಕ್ಯಾನ್ ಮಾಡಿದರೆ ಸ್ವಲ್ಪ ದ್ರವ ಬಹಳ ಜನರಲ್ಲಿ ಕಾಣುತ್ತದೆ. ಜ್ವರವಿಲ್ಲ, ನೋವಿಲ್ಲ, ಊಟ ಸೇರುತ್ತಿದೆ ಎಂದಾದರೆ ದೇಹ ಅದನ್ನು ತಾನಾಗಿಯೇ ಹೀರಿಕೊಳ್ಳಲು ಬಿಡುತ್ತಾರೆ. ವರದಿಯಲ್ಲಿರುವ ಸೆಂಟಿಮೀಟರ್ ಅಂಕಿ ಒಂದನ್ನೇ ನೋಡಿ ಗಾಬರಿಯಾಗಬೇಕಾಗಿಲ್ಲ.

ತೆಗೆಯಬೇಕಾದ ಸಂದರ್ಭಗಳು ಬೇರೆ. ಸೋಂಕು ತಗುಲಿ ಕೀವಾಗಿ, ಚಳಿಜ್ವರ ಬಂದು, ಬಿಳಿ ರಕ್ತಕಣಗಳ ಸಂಖ್ಯೆ ಏರಿದಾಗ. ದ್ರವದ ಚೀಲ ಜಠರವನ್ನು ಒತ್ತಿ ವಾಂತಿಯಾಗುವಾಗ. ನೋವು ಮಾತ್ರೆಗೆ ಬಗ್ಗದಿದ್ದಾಗ. ವಾರದಿಂದ ವಾರಕ್ಕೆ ಗಾತ್ರ ಬೆಳೆಯುತ್ತಿರುವಾಗ. ಇವುಗಳಲ್ಲಿ ಸೋಂಕು ಕಾಯಲು ಸಮಯ ಕೊಡುವುದಿಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ನೋಡೋಣ ಎನ್ನುವುದು ಮಳೆಗಾಲದ ನೆಗಡಿಗೆ ಸರಿ, ಇಲ್ಲಿಗೆ ಸಲ್ಲದು. ಗುಲ್ಮವನ್ನೂ ತೆಗೆಸಿಕೊಂಡವರಂತೂ ಇನ್ನೂ ಎಚ್ಚರದಿಂದ ಇರಬೇಕು. ಕೆಲವು ಬ್ಯಾಕ್ಟೀರಿಯಾಗಳ ವಿರುದ್ಧ ಗುಲ್ಮ ಕೊಡುತ್ತಿದ್ದ ಕಾವಲು ಅವರಿಗೆ ಇರುವುದಿಲ್ಲ. ಅವರಿಗೆ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮುಂತಾದವುಗಳ ಲಸಿಕೆ ಹಾಕುವುದು ಅದಕ್ಕೇ. ಅವರಿಗೆ ಬರುವ ಜ್ವರ ಯಾವ ಕಾರಣದ್ದಾದರೂ ಅದೇ ದಿನ ಆಸ್ಪತ್ರೆ ಕಾಣಬೇಕಾದ ಜ್ವರ.

ಮೂರು ದಾರಿ

ಹಿಂದೆ ಇಂಥವರನ್ನು ಮತ್ತೆ ಶಸ್ತ್ರಚಿಕಿತ್ಸೆಯ ಮೇಜಿಗೆ ಒಯ್ಯುತ್ತಿದ್ದರು. ಅಂಗಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವ ಹೊಟ್ಟೆಯನ್ನು ಎರಡನೆಯ ಸಲ ತೆರೆಯುವುದು ವೈದ್ಯರಿಗೂ ಕಷ್ಟ, ರೋಗಿಗೂ ಅಪಾಯ. ಈಗ ಅದು ಕೊನೆಯ ಆಯ್ಕೆ.

ಎರಡನೆಯದು, ಅಲ್ಟ್ರಾಸೌಂಡ್ ಅಥವಾ ಸಿಟಿಯಲ್ಲಿ ನೋಡುತ್ತ ಚರ್ಮದ ಮೂಲಕ ಸೂಜಿ ಚುಚ್ಚಿ, ತೆಳುವಾದ ಕೊಳವೆಯನ್ನು ದ್ರವದ ಚೀಲಕ್ಕೆ ಇಳಿಸಿ, ಹೊರಗಿನ ಬ್ಯಾಗಿಗೆ ಹರಿಸುವುದು. ಇದು ಹಲವು ಆಸ್ಪತ್ರೆಗಳಲ್ಲಿ ಸಿಗುತ್ತದೆ. ರೋಗಿಯ ಸ್ಥಿತಿ ಬಿಗಡಾಯಿಸಿದ್ದಾಗಲೂ ಬೇಗ ಮಾಡಬಹುದು. ಜಠರದಿಂದ ದೂರ, ಹೊಟ್ಟೆಯ ಪಕ್ಕಗಳಲ್ಲಿ ಅಥವಾ ಕಿಬ್ಬೊಟ್ಟೆಯಲ್ಲಿ ನಿಂತ ದ್ರವಕ್ಕೆ ಇದೇ ಸೂಕ್ತ. ತೊಂದರೆ ಎಂದರೆ ಸೋರಿಕೆ ನಿಲ್ಲುವವರೆಗೂ ಸೊಂಟಕ್ಕೆ ಬ್ಯಾಗು ಕಟ್ಟಿಕೊಂಡೇ ಇರಬೇಕು. ಅದು ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು. ಕೊಳವೆಯ ಸುತ್ತ ರಸ ಜಿನುಗಿದರೆ ಚರ್ಮ ಕೆಂಪಾಗಿ ಉರಿಯುತ್ತದೆ. ದೇಹಕ್ಕೆ ಬೇಕಾದ ಜೀರ್ಣರಸ ಮತ್ತು ಲವಣ ಬ್ಯಾಗಿನ ಪಾಲಾಗುತ್ತವೆ.

ಮೂರನೆಯದೇ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಸಹಾಯದಿಂದ ಒಳಗೊಳಗೇ ಹರಿಸುವ ವಿಧಾನ. ಕೊಡಗಿನವರಿಗೆ ಇದನ್ನು ಗದ್ದೆಯ ಲೆಕ್ಕದಲ್ಲಿ ಹೇಳುವುದು ಸುಲಭ. ಗದ್ದೆಯಲ್ಲಿ ನೀರು ಮಡುಗಟ್ಟಿ ಪೈರು ಕೊಳೆಯುತ್ತಿದ್ದರೆ, ಬಕೆಟ್ಟಿನಲ್ಲಿ ಮೊಗೆದು ರಸ್ತೆಗೆ ಸುರಿಯುವವರು ಯಾರೂ ಇಲ್ಲ. ಪಕ್ಕದಲ್ಲೇ ತೋಡು ಇದ್ದರೆ ನಡುವಿನ ಏರಿಯನ್ನು ಒಂದು ಕಡೆ ಕಡಿದು ನೀರನ್ನು ತೋಡಿಗೆ ಬಿಡುತ್ತಾರೆ. ಏರಿ ಕುಸಿಯದಂತೆ ಕಡಿದ ಜಾಗದಲ್ಲಿ ಒಂದು ಪೈಪು ಇಡುತ್ತಾರೆ. ಇಲ್ಲಿ ಜಠರವೇ ತೋಡು, ಜಠರದ ಹಿಂಗೋಡೆಯೇ ಏರಿ, ಸ್ಟೆಂಟ್ ಎಂಬ ನಳಿಕೆಯೇ ಪೈಪು. ಸೋರಿದ ರಸ ಮತ್ತೆ ಅನ್ನದ ದಾರಿಗೇ ಸೇರುತ್ತದೆ. ಹೊರಗೆ ಬ್ಯಾಗಿಲ್ಲ, ಹೊಟ್ಟೆಯ ಮೇಲೆ ತೂತಿಲ್ಲ.

ಕತ್ತಲೆಯಲ್ಲಿ ಚುಚ್ಚುವುದಿಲ್ಲ

ಸಾಮಾನ್ಯ ಎಂಡೋಸ್ಕೋಪಿಯಲ್ಲಿ ಕ್ಯಾಮೆರಾ ಜಠರದ ಒಳಮೈಯನ್ನು ಮಾತ್ರ ತೋರಿಸುತ್ತದೆ. ಗೋಡೆಯ ಆಚೆ ಏನಿದೆ ಎಂಬುದು ಅದಕ್ಕೆ ಕಾಣದು. 1980ರ ಹೊತ್ತಿಗೆ ಎಂಡೋಸ್ಕೋಪಿನ ತುದಿಗೇ ಪುಟ್ಟ ಅಲ್ಟ್ರಾಸೌಂಡ್ ಸಾಧನವನ್ನು ಜೋಡಿಸುವ ಪ್ರಯೋಗಗಳು ಯಶಸ್ವಿಯಾದವು. ಆಗ ಶಬ್ದತರಂಗದ ಮೂಲಕ ಗೋಡೆಯಾಚೆಗಿನ ಮೇದೋಜೀರಕ, ರಕ್ತನಾಳ, ದ್ರವ ಎಲ್ಲವೂ ಪರದೆಯ ಮೇಲೆ ಮೂಡತೊಡಗಿದವು. ಮುಂದೆ, ಪರದೆಯಲ್ಲಿ ಕಾಣುವ ಸಮತಲದಲ್ಲೇ ಸೂಜಿ ಚಲಿಸುವಂಥ ಉಪಕರಣಗಳು ಬಂದವು. ಮೇದೋಜೀರಕದ ದ್ರವದ ಚೀಲವನ್ನು ಈ ರೀತಿ ಹರಿಸಿದ್ದನ್ನು 1992ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ವೈದ್ಯರು ವರದಿ ಮಾಡಿದರು. ಮೊದಲಿಗೆ ಮೇದೋಜೀರಕದ ಉರಿಯೂತದಿಂದ ಉಂಟಾದ ಚೀಲಗಳಿಗೆ ಬಳಸುತ್ತಿದ್ದ ಈ ವಿದ್ಯೆಯನ್ನು ಶಸ್ತ್ರಚಿಕಿತ್ಸೆಯ ನಂತರದ ದ್ರವಕ್ಕೆ ಅನ್ವಯಿಸಿದ್ದು ಆಮೇಲೆ.

ಚಿಕಿತ್ಸೆಯ ದಿನ ರೋಗಿ ಖಾಲಿ ಹೊಟ್ಟೆಯಲ್ಲಿರಬೇಕು. ಅರಿವಳಿಕೆ ಅಥವಾ ಆಳವಾದ ನಿದ್ದೆಯ ಔಷಧ, ಜೊತೆಗೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿರಬೇಕು. ಎಂಡೋಸ್ಕೋಪ್ ಜಠರಕ್ಕೆ ಇಳಿದ ಮೇಲೆ ವೈದ್ಯರು ಅಲ್ಟ್ರಾಸೌಂಡ್‌ನಲ್ಲಿ ಚೀಲವನ್ನು ಹುಡುಕುತ್ತಾರೆ. ಅವರು ನೋಡುವುದು ಮುಖ್ಯವಾಗಿ ಎರಡನ್ನು. ಚೀಲ ಜಠರದ ಗೋಡೆಯಿಂದ ಎಷ್ಟು ದೂರ? ಸಾಮಾನ್ಯವಾಗಿ 10 ಮಿಲಿಮೀಟರಿಗಿಂತ ಕಡಿಮೆ ಅಂತರ ಇರಬೇಕು. ಸೂಜಿ ಹೋಗುವ ದಾರಿಯಲ್ಲಿ ರಕ್ತನಾಳ ಇದೆಯೇ? ಡಾಪ್ಲರ್ ಹಾಕಿದಾಗ ಹರಿಯುವ ರಕ್ತ ಪರದೆಯಲ್ಲಿ ಕೆಂಪು, ನೀಲಿ ಬಣ್ಣದಲ್ಲಿ ಮಿನುಗುತ್ತದೆ. ಆ ಬಣ್ಣ ಇಲ್ಲದ ಜಾಗವನ್ನೇ ಆರಿಸಿಕೊಳ್ಳುತ್ತಾರೆ.

ಅಲ್ಲಿಂದ ಮುಂದೆ ಕೆಲಸ ಬೇಗ ಸಾಗುತ್ತದೆ. 19 ಗೇಜಿನ ಸೂಜಿ ಗೋಡೆಯನ್ನು ದಾಟಿ ಚೀಲದೊಳಗೆ ಹೋಗುತ್ತದೆ. ಸಿರಿಂಜಿನಲ್ಲಿ ಎಳೆದ ದ್ರವ ಕೆಲವರಲ್ಲಿ ತಿಳಿಯಾಗಿ, ಕೆಲವರಲ್ಲಿ ಕಂದು ಬಣ್ಣದಲ್ಲಿ, ಸೋಂಕು ಇದ್ದವರಲ್ಲಿ ಮಂದವಾದ ಹಳದಿ ಕೀವಾಗಿ ಬರುತ್ತದೆ. ಅದನ್ನು ಅಮೈಲೇಸ್ ಪರೀಕ್ಷೆಗೂ ಕಲ್ಚರ್‌ಗೂ ಕಳುಹಿಸುತ್ತಾರೆ. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ಕಲ್ಚರ್ ಹೇಳುತ್ತದೆ. ಸೂಜಿಯೊಳಗಿಂದ ತೆಳುವಾದ ತಂತಿಯೊಂದನ್ನು ಚೀಲಕ್ಕೆ ಬಿಟ್ಟು, ಸೂಜಿಯನ್ನು ಹಿಂದೆಗೆದು, ತಂತಿಯ ಜಾಡಿನಲ್ಲೇ ಕಿಂಡಿಯನ್ನು ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಕೂರಿಸುತ್ತಾರೆ. ಈಗಿನ ಕೆಲವು ಲೋಹದ ಸ್ಟೆಂಟ್‌ಗಳ ತುದಿಯಲ್ಲಿ ವಿದ್ಯುತ್ತಿನಿಂದ ಕತ್ತರಿಸುವ ಸೌಲಭ್ಯವೇ ಇರುವುದರಿಂದ, ಸೂಜಿ, ತಂತಿ, ಬಲೂನಿನ ಹಂತಗಳನ್ನು ಬಿಟ್ಟು ನೇರವಾಗಿ ಕೂರಿಸುವುದೂ ಉಂಟು. ಅನುಭವಿಗಳ ಕೈಯಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಸ್ಟೆಂಟ್ ಸರಿಯಾಗಿ ಕೂರುತ್ತದೆ ಎಂದು ಪ್ರಕಟಿತ ವರದಿಗಳು ಹೇಳುತ್ತವೆ.

‘ನಾಲ್ಕು ವಾರ ಕಾಯಬೇಕು’ ಎಂಬ ಮಾತನ್ನೂ ಕೆಲವರು ಕೇಳಿರುತ್ತಾರೆ. ಉರಿಯೂತದಿಂದ ಆದ ಚೀಲಗಳಲ್ಲಿ ಗೋಡೆ ಬಲಿಯಲು ಅಷ್ಟು ದಿನ ಬೇಕು ಎಂಬ ಲೆಕ್ಕದಿಂದ ಬಂದ ನಿಯಮ ಅದು. ಶಸ್ತ್ರಚಿಕಿತ್ಸೆಯ ನಂತರದ ದ್ರವದ ಕಥೆ ಸ್ವಲ್ಪ ಬೇರೆ. ಕೊಯ್ದು ಹೊಲಿದ ಜಾಗದಲ್ಲಿ ಅಂಗಗಳು ಬೇಗ ಅಂಟಿಕೊಳ್ಳುವುದರಿಂದ, ಸೋಂಕು ಇದ್ದಾಗ ಅದಕ್ಕಿಂತ ಮೊದಲೇ ಹರಿಸಿದವರೂ ಇದ್ದಾರೆ. ಸ್ಕ್ಯಾನ್‌ನಲ್ಲಿ ಗೋಡೆ ಕಾಣುತ್ತಿದೆಯೇ, ಚೀಲ ಜಠರಕ್ಕೆ ಒತ್ತಿಕೊಂಡಿದೆಯೇ ಎಂಬುದರ ಮೇಲೆ ತೀರ್ಮಾನ. ಗೋಡೆಯೇ ಇಲ್ಲದೆ ಹರಡಿಕೊಂಡ ದ್ರವಕ್ಕೆ ಕಿಂಡಿ ಕೊರೆದರೆ ಜಠರದಲ್ಲಿರುವುದೇ ಹೊಟ್ಟೆಯ ಆವರಣಕ್ಕೆ ಸುರಿಯುವ ಭಯವಿದೆ.

ಪ್ಲಾಸ್ಟಿಕ್ಕೋ ಲೋಹವೋ

ಪ್ಲಾಸ್ಟಿಕ್ ಸ್ಟೆಂಟ್‌ನ ಎರಡೂ ತುದಿ ಸುರುಳಿ ಸುತ್ತಿರುತ್ತವೆ. ಒಂದು ಸುರುಳಿ ಚೀಲದೊಳಗೆ, ಇನ್ನೊಂದು ಜಠರದೊಳಗೆ ಇದ್ದು ನಳಿಕೆ ಜಾರದಂತೆ ತಡೆಯುತ್ತವೆ. ಇವು ಬಹುಮಟ್ಟಿಗೆ 7 ಅಥವಾ 10 ಫ್ರೆಂಚ್ ಅಳತೆಯವು. 3 ಫ್ರೆಂಚ್ ಎಂದರೆ 1 ಮಿಲಿಮೀಟರ್, ಅಂದರೆ 10 ಫ್ರೆಂಚಿನದು ಮೂರು ಮಿಲಿಮೀಟರಿಗಿಂತ ತುಸು ದಪ್ಪ. ಸಾಮಾನ್ಯವಾಗಿ ಎರಡನ್ನು ಒಟ್ಟಿಗೆ ಹಾಕುತ್ತಾರೆ. ಬೆಲೆ ಕಡಿಮೆ, ಹೆಚ್ಚು ಕಾಲ ಒಳಗಿರಬಲ್ಲವು. ತಿಳಿ ದ್ರವಕ್ಕೆ ಇವೇ ಸಾಕು.

ಲೋಹದ ಸ್ಟೆಂಟ್ ನಡುವೆ ಕಿರಿದಾಗಿ, ಎರಡೂ ತುದಿಯಲ್ಲಿ ಅಗಲವಾದ ಅಂಚು ಹೊಂದಿರುತ್ತದೆ. ಆ ಅಂಚುಗಳು ಜಠರದ ಗೋಡೆಯನ್ನೂ ಚೀಲದ ಗೋಡೆಯನ್ನೂ ಹತ್ತಿರಕ್ಕೆ ಎಳೆದು ಹಿಡಿದುಕೊಳ್ಳುತ್ತವೆ. ಕಿಂಡಿ 10 ರಿಂದ 20 ಮಿಲಿಮೀಟರ್ ಅಗಲವಿರುವುದರಿಂದ ಗಟ್ಟಿ ಕೀವು, ಕೊಳೆತ ಅಂಗಾಂಶದ ಚೂರುಗಳೂ ಹೊರಬರುತ್ತವೆ. ಬೆಲೆ ಬಹಳ ಹೆಚ್ಚು. ದುಬಾರಿಯಾದದ್ದೇ ಉತ್ತಮ ಎಂದುಕೊಳ್ಳುವುದು ನಮ್ಮ ಅಭ್ಯಾಸ. ಇಲ್ಲಿ ಅದು ಯಾವಾಗಲೂ ನಿಜವಲ್ಲ, ಚೀಲದೊಳಗೆ ಏನಿದೆ ಎಂಬುದೇ ಆಯ್ಕೆಯನ್ನು ನಿರ್ಧರಿಸುತ್ತದೆ.

ಲೋಹದ ಸ್ಟೆಂಟ್ ಹೆಚ್ಚು ದಿನ ಒಳಗೆ ಇರುವಂತಿಲ್ಲ. ದ್ರವ ಖಾಲಿಯಾದಂತೆ ಚೀಲ ಕುಗ್ಗುತ್ತದೆ. ಕುಗ್ಗಿದ ಚೀಲದೊಳಗೆ ಲೋಹದ ಅಂಚು ಹತ್ತಿರದ ರಕ್ತನಾಳಕ್ಕೆ ಉಜ್ಜಬಹುದು, ಅಥವಾ ಜಠರದ ಗೋಡೆಯೇ ಬೆಳೆದು ಸ್ಟೆಂಟನ್ನು ಮುಚ್ಚಿಬಿಡಬಹುದು. ಆದ್ದರಿಂದ ಮೂರ್ನಾಲ್ಕು ವಾರಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಚೀಲ ಕುಗ್ಗಿದ್ದರೆ ಎಂಡೋಸ್ಕೋಪಿಯಿಂದಲೇ ತೆಗೆಯುತ್ತಾರೆ. ಸೋರಿಕೆ ಇನ್ನೂ ನಿಂತಿಲ್ಲವೆಂದು ಕಂಡರೆ ಅದೇ ಕಿಂಡಿಯಲ್ಲಿ ಪ್ಲಾಸ್ಟಿಕ್ ನಳಿಕೆ ಇಡುವುದುಂಟು.

ಅಪಾಯ ಇಲ್ಲವೆಂದಲ್ಲ

ರಕ್ತಸ್ರಾವ, ಜಠರದ ಗೋಡೆ ಹರಿಯುವುದು, ಸ್ಟೆಂಟ್ ಜಾರುವುದು, ಕಟ್ಟಿಕೊಂಡು ಮತ್ತೆ ಸೋಂಕಾಗುವುದು ಇವೆಲ್ಲ ಗೊತ್ತಿರುವ ತೊಡಕುಗಳು. ಹೆಚ್ಚು ಭಯ ಹುಟ್ಟಿಸುವುದು ರಕ್ತಸ್ರಾವ, ಅದರಲ್ಲೂ ಸ್ಟೆಂಟ್‌ನಿಂದಲ್ಲದೆ ಸೋರಿದ ರಸದಿಂದಲೇ ಆಗುವಂಥದ್ದು. ಕಿಣ್ವಗಳು ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಿದ ರಕ್ತನಾಳದ ಮೊಂಡು ತುದಿಯನ್ನು ಸವೆಸಿ ಅಲ್ಲೊಂದು ಉಬ್ಬು ಮಾಡುತ್ತವೆ. ಅದು ಒಡೆಯುವ ಮುನ್ನ ಕೆಲವರಲ್ಲಿ ಸಣ್ಣ ಪ್ರಮಾಣದ ರಕ್ತ ಕಾಣಿಸಿಕೊಂಡು ನಿಂತುಬಿಡುತ್ತದೆ. ಡ್ರೈನ್ ಕೊಳವೆಯಲ್ಲಿ ಕೆಂಪು, ವಾಂತಿಯಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ. ‘ನಿಂತಿತಲ್ಲ’ ಎಂದು ಸಮಾಧಾನಪಟ್ಟುಕೊಂಡು ಮನೆಯಲ್ಲಿ ಕೂರುವ ಹೊತ್ತಲ್ಲ ಅದು. ಸ್ಟೆಂಟ್ ಹಾಕುವ ಮೊದಲು ರಕ್ತನಾಳಗಳು ಸ್ಪಷ್ಟವಾಗಿ ಕಾಣುವ ಸಿಟಿ ಸ್ಕ್ಯಾನ್ ಮಾಡಿಸುವ ಉದ್ದೇಶಗಳಲ್ಲಿ ಈ ಉಬ್ಬನ್ನು ಪತ್ತೆಹಚ್ಚುವುದೂ ಒಂದು. ಕಂಡರೆ, ರಕ್ತನಾಳದ ಒಳಗಿನಿಂದಲೇ ಹೋಗಿ ಅದನ್ನು ಮುಚ್ಚಿದ ಮೇಲಷ್ಟೇ ಮುಂದಿನ ಕೆಲಸ.

ಮಡಿಕೇರಿಯಿಂದ ಹೊರಡುವಾಗ, ಮರಳಿದ ಮೇಲೆ

ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಜ್ವರ ಬಂದಾಗ ಮೊದಲ ರಕ್ತಪರೀಕ್ಷೆ, ಸ್ಕ್ಯಾನ್, ಆ್ಯಂಟಿಬಯೋಟಿಕ್‌ಗೆ ಜಿಲ್ಲೆಯೊಳಗೇ ವ್ಯವಸ್ಥೆ ಮಾಡಿಕೊಳ್ಳಬಹುದು. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಚಿಕಿತ್ಸೆಗೆ ಮಾತ್ರ ಅದರ ತಜ್ಞರು, ಜೊತೆಗೆ ತುರ್ತಿಗೆ ಒದಗುವ ರೇಡಿಯಾಲಜಿ ಮತ್ತು ಶಸ್ತ್ರಚಿಕಿತ್ಸೆಯ ತಂಡ ಇರುವ ದೊಡ್ಡ ಕೇಂದ್ರವೇ ಬೇಕು. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. ವಿರಾಜಪೇಟೆ ಕಡೆಯವರು ಕಣ್ಣೂರಿಗೆ ಹೋಗುವುದಾದರೆ ಮಾಕುಟ್ಟ ಘಾಟಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆಯ ದಾರಿ ವಾರಗಟ್ಟಲೆ ಮುಚ್ಚಿದ್ದನ್ನು ಮರೆತವರಿಲ್ಲ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಶಸ್ತ್ರಚಿಕಿತ್ಸೆ ಬಿದ್ದರೆ, ಡ್ರೈನ್ ಕೊಳವೆ ತೆಗೆದು ಒಂದೆರಡು ವಾರ ಕಳೆಯುವವರೆಗೆ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಭಾಗಮಂಡಲದ ಆಚೆಯ ತೋಟದ ಮನೆಯಿಂದ ರಾತ್ರಿ ಹೊತ್ತು ಆಂಬುಲೆನ್ಸ್ ಹುಡುಕುವ ಪಾಡು ಬೇಡ.

ಹೊರಡುವಾಗ ಸ್ಕ್ಯಾನ್ ವರದಿಯ ಹಾಳೆ ಮಾತ್ರ ಒಯ್ದರೆ ಸಾಲದು, ಚಿತ್ರಗಳಿರುವ ಸಿಡಿಯೂ ಬೇಕು. ಅದಕ್ಕಿಂತ ಮುಖ್ಯ, ಮೊದಲ ಶಸ್ತ್ರಚಿಕಿತ್ಸೆಯ ಆಪರೇಷನ್ ನೋಟ್ಸ್. ಬೇರೆ ಆಸ್ಪತ್ರೆಗೆ ಹೋಗುವುದಾದರೆ, ಯಾವುದನ್ನು ಕತ್ತರಿಸಿ ಯಾವುದಕ್ಕೆ ಹೊಲಿದಿದ್ದಾರೆ ಎಂಬುದು ಗೊತ್ತಿಲ್ಲದೆ ಎಂಡೋಸ್ಕೋಪಿ ವೈದ್ಯರಿಗೆ ಒಳಗಿನ ನಕ್ಷೆ ಸಿಗುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಷಯವನ್ನೂ, ಸ್ಟೆಂಟ್‌ನ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆಯೇ ಎಂಬುದನ್ನೂ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಬಳಿ ಮೊದಲೇ ಕೇಳಿಕೊಳ್ಳಬೇಕು.

ಸ್ಟೆಂಟ್ ಹಾಕಿದ ಮೇಲೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಊಟವನ್ನು ನೀರಿನಂಥದ್ದರಿಂದ ಮೆತ್ತನೆಯದಕ್ಕೆ, ಅಲ್ಲಿಂದ ಮಾಮೂಲಿಗೆ ಏರಿಸುತ್ತಾರೆ. ಗ್ರಂಥಿಯ ದೊಡ್ಡ ಭಾಗ ಹೋದವರಿಗೆ ಕೊಬ್ಬು ಜೀರ್ಣವಾಗದೆ ಮಲ ಜಿಡ್ಡಾಗಿ ತೇಲಬಹುದು. ಅವರಿಗೆ ಊಟದ ಜೊತೆಯಲ್ಲೇ ನುಂಗಬೇಕಾದ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಪಂದಿ ಕರಿ ಯಾವಾಗ ತಿನ್ನಬಹುದು ಎಂಬ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಿ, ಕ್ಯಾಪ್ಸೂಲಿನ ಪ್ರಮಾಣವನ್ನು ಊಟದಲ್ಲಿರುವ ಕೊಬ್ಬಿಗೆ ತಕ್ಕಂತೆ ಹೊಂದಿಸುವುದರಿಂದ ಅದು ವೈದ್ಯರಿಗೂ ಬೇಕಾದ ಮಾಹಿತಿಯೇ. ಸಕ್ಕರೆಯ ಮಟ್ಟವನ್ನೂ ಆಗಾಗ ನೋಡಿಸುತ್ತಿರಬೇಕು.

ಜ್ವರವಿಲ್ಲ, ಊಟ ಸೇರುತ್ತಿದೆ, ತೋಟದಲ್ಲಿ ಕಾಫಿ ಕೊಯ್ಲು ಶುರುವಾಗಿದೆ, ಇನ್ನು ಮೈಸೂರಿಗೆ ಯಾಕೆ ಎಂದು ಸ್ಟೆಂಟ್ ತೆಗೆಸುವ ತಾರೀಖು ಜಾರುವುದು ಇಂಥ ಹೊತ್ತಿನಲ್ಲೇ. ಡಿಸ್ಚಾರ್ಜ್ ದಿನ ಮೂರು ವಿಷಯ ಬರೆಸಿಕೊಳ್ಳಿ: ಹಾಕಿದ್ದು ಲೋಹದ್ದೋ ಪ್ಲಾಸ್ಟಿಕ್ಕಿನದೋ, ಎಷ್ಟು ಹಾಕಿದ್ದಾರೆ, ಮುಂದಿನ ಸ್ಕ್ಯಾನ್ ಮತ್ತು ತೆಗೆಯುವ ತಾರೀಖು ಯಾವುದು. ಅದು ಫೈಲಿನ ಒಳಹಾಳೆಯಲ್ಲಿ ಬೇಡ, ಮೇಲಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಇರಲಿ, ಜೊತೆಗೆ ರಾತ್ರಿಯೂ ಸಿಗುವ ಆಸ್ಪತ್ರೆಯ ಫೋನ್ ಸಂಖ್ಯೆ.